ಫೈಲು ಸಾಗಿಸುವ ಘಟಕ: ಅದು ಮಾಡುವ ಕೆಲಸ, ನಮಗೆ ಉಳಿಯುವ ಹೊಣೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಕಂಪ್ಯೂಟರಿನ ಪ್ರೋಗ್ರಾಂ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡವರು ಕೆಲವರಿದ್ದಾರೆ. ಇನ್ನೂ ಕಲಿಯುತ್ತಿರುವವರು ಅವರಿಗಿಂತ ಹೆಚ್ಚಿಗಿದ್ದಾರೆ. ಅಂಗಡಿಯ ಲೆಕ್ಕ, ಸಂಘದ ಸದಸ್ಯರ ಪಟ್ಟಿ, ದವಾಖಾನೆಯ ದಾಖಲೆ ಮುಂತಾದ ಸಣ್ಣ ಕೆಲಸಗಳಿಗೆ ಇವರು ಪ್ರೋಗ್ರಾಂ ಬರೆದುಕೊಡುತ್ತಾರೆ. ಬರೆಸಿಕೊಂಡವರು ಒಂದಲ್ಲ ಒಂದು ದಿನ, "ಇಲ್ಲಿಯ ಫೈಲು ನಮ್ಮ ಇನ್ನೊಂದು ಕಚೇರಿಗೂ ತಾನಾಗಿ ಹೋಗುವಂತೆ ಮಾಡಿಕೊಡಿ" ಎಂದು ಕೇಳಿಯೇ ಕೇಳುತ್ತಾರೆ. ಆ ದಿನಕ್ಕಾಗಿ ಈ ಪಾಠವನ್ನು ಬರೆದಿದ್ದೇವೆ. ಪ್ರೋಗ್ರಾಂ ಬರೆಯದವರೂ ಇದನ್ನು ಓದಬಹುದು. ಹಣ ಕೊಟ್ಟು ಮಾಡಿಸಿಕೊಳ್ಳುವವರು ಯಾವ ಪ್ರಶ್ನೆಗಳನ್ನು ಕೇಳಬೇಕೆಂಬುದು ಅವರಿಗೂ ತಿಳಿದಿರುವುದು ಒಳ್ಳೆಯದು.

ಪಾಠದುದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮಾಟುಂಗದಲ್ಲಿ ಮುಖ್ಯ ಕಚೇರಿ, ಮುಲುಂಡ ಮತ್ತು ಡೊಂಬಿವಲಿಗಳಲ್ಲಿ ಶಾಖೆಗಳು, ಹೀಗಿರುವ ಒಂದು ಹೋಟೆಲಿದೆಯೆಂದು ಭಾವಿಸೋಣ. ರಾತ್ರಿ ಗಲ್ಲಾಪೆಟ್ಟಿಗೆ ಮುಚ್ಚಿದ ಮೇಲೆ ಪ್ರತಿಯೊಂದು ಶಾಖೆಯ ಬಿಲ್ಲಿನ ಪ್ರೋಗ್ರಾಂ ಆ ದಿನದ ಮಾರಾಟದ ಫೈಲನ್ನು ಮಾಟುಂಗಕ್ಕೆ ಕಳುಹಿಸುತ್ತದೆ. ಬೆಳಗಿನ ನಾಲ್ಕಕ್ಕೆ ಮುಖ್ಯ ಕಚೇರಿಯ ಪ್ರೋಗ್ರಾಂ ಅದನ್ನು ಓದಿ ಹಾಲು, ತರಕಾರಿ, ಅಕ್ಕಿ, ಉದ್ದುಗಳ ಬೇಡಿಕೆಯನ್ನು ಲೆಕ್ಕ ಹಾಕುತ್ತದೆ. ತಿಂಗಳ ಕೊನೆಯಲ್ಲಿ ಕೆಲಸಗಾರರ ಸಂಬಳದ ಪಟ್ಟಿಯೂ ಇದೇ ದಾರಿಯಲ್ಲಿ ಬರುತ್ತದೆ. ಫೈಲು ಅರ್ಧಕ್ಕೆ ನಿಂತರೆ ಮರುದಿನ ಹಾಲು ಸಾಲದು. ಎರಡು ಸಲ ಸೇರಿದರೆ ಲೆಕ್ಕ ತಪ್ಪುವುದು. ದಾರಿಯಲ್ಲಿ ಯಾರಾದರೂ ಓದಿದರೆ ಹತ್ತಾರು ಜನರ ಸಂಬಳದ ವಿವರ ಬಯಲಾಗುವುದು. ಫೈಲು ಸಾಗಿಸುವುದು ಸಣ್ಣ ಕೆಲಸವೆಂದು ತೋರಿದರೂ ಅದರ ಮೇಲೆ ನಿಂತಿರುವ ಕೆಲಸಗಳು ಸಣ್ಣವಲ್ಲ.

೧. ಘಟಕವೆಂದರೇನು?

ಬಾಗಿಲು ಮಾಡುವ ಬಡಗಿಯು ಮರವನ್ನು ತಾನೇ ಕೊಯ್ದು, ಕೀಸಿ, ಜೋಡಿಸುತ್ತಾನೆ. ಆದರೆ ಬಿಜಾಗರಿಯನ್ನು ಅವನು ತಯಾರಿಸುವುದಿಲ್ಲ. ಅಂಗಡಿಯಿಂದ ತಂದು ಬಿಗಿಯುತ್ತಾನೆ. ಪ್ರೋಗ್ರಾಂ ಬರೆಯುವವರೂ ಹೀಗೆಯೇ ಮಾಡುತ್ತಾರೆ. ಬೇರೆಯವರು ಮೊದಲೇ ಬರೆದು, ಪರೀಕ್ಷಿಸಿ, ಸಿದ್ಧವಾಗಿ ಇಟ್ಟಿರುವ ಭಾಗವೊಂದನ್ನು ತಂದು ತಮ್ಮ ಪ್ರೋಗ್ರಾಮಿಗೆ ಕೂಡಿಸಿಕೊಳ್ಳುತ್ತಾರೆ. ಇಂಥ ಭಾಗಕ್ಕೆ ಘಟಕವೆಂದು ಹೆಸರು. ಫೈಲು ಸಾಗಿಸುವ ಘಟಕಕ್ಕೆ ನಾವು ಹೇಳಬೇಕಾದುದು ನಾಲ್ಕೇ ಮಾತು: ಯಾವ ಕಂಪ್ಯೂಟರಿಗೆ, ಯಾರ ಹೆಸರಿನಲ್ಲಿ, ಯಾವ ಫೈಲು, ಎಲ್ಲಿ ಇಡಬೇಕು. ಉಳಿದ ಮಾತುಕತೆಯನ್ನೆಲ್ಲ ಅದೇ ನಡೆಸುತ್ತದೆ.

ಇಂಥ ಘಟಕಗಳು ಬಹಳ ಇವೆ. ೧೯೯೮ರ ವಿಜುವಲ್ ಬೇಸಿಕ್ ೬ರ ಜೊತೆಗೆ ಇಂಟರ್‌ನೆಟ್ ಟ್ರಾನ್ಸ್‌ಫರ್ ಕಂಟ್ರೋಲ್ ಎಂಬುದು ಬರುತ್ತಿತ್ತು. ಅದನ್ನು ಮೌಸಿನಿಂದ ಎಳೆದು ಪ್ರೋಗ್ರಾಮಿನ ಕಿಟಕಿಯ ಮೇಲೆ ಇಟ್ಟರಾಯಿತು. ಜಾವಾ ಭಾಷೆಯವರಿಗೆ ಅಪಾಚೆ ಕಾಮನ್ಸ್ ನೆಟ್ ಇದೆ. ಪೈಥಾನಿನಲ್ಲಿ ಎಫ್‌ಟಿಪಿಲಿಬ್ ಎಂಬುದು ಭಾಷೆಯ ಜೊತೆಗೇ ಬರುತ್ತದೆ. ಸ್ವೀಡನ್ ದೇಶದ ಡ್ಯಾನಿಯಲ್ ಸ್ಟೆನ್‌ಬರ್ಗ್ ಎಂಬವರು ಮುಂದಾಳಾಗಿ ಬೆಳೆಸಿದ ಕರ್ಲ್ ಎಂಬ ಸಾಧನವು ಆ ಹೆಸರನ್ನು ಪಡೆದದ್ದು ೧೯೯೮ರಲ್ಲಿ. ಅದರ ಒಳತಿರುಳನ್ನು ಬೇರೆ ಪ್ರೋಗ್ರಾಮುಗಳೂ ಬಳಸಲೆಂದು ಲಿಬ್‌ಕರ್ಲ್ ಎಂಬ ಘಟಕವಾಗಿ ೨೦೦೦ದಲ್ಲಿ ಹೊರತಂದರು. ಅದನ್ನು ಯಾರು ಬೇಕಾದರೂ ಹಣ ಕೊಡದೆ ಉಪಯೋಗಿಸಬಹುದು.

ಇಷ್ಟು ಸುಲಭವಾಗಿರುವಾಗ ಪಾಠವೇಕೆ ಎಂದು ಕೇಳಬಹುದು. ಬಿಜಾಗರಿ ಒಳ್ಳೆಯದಾದ ಮಾತ್ರಕ್ಕೆ ಬಾಗಿಲು ಸರಿಯಾಗಿ ಕೂಡುವುದಿಲ್ಲ. ಘಟಕವು ಏನನ್ನು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬ ಗೆರೆ ತಿಳಿಯದವನು, ಅದು ಮಾಡದಿರುವುದನ್ನೂ ಮಾಡಿದೆಯೆಂದು ನಂಬಿ ಮೋಸ ಹೋಗುತ್ತಾನೆ. ಆ ಗೆರೆಯನ್ನು ತೋರಿಸುವುದೇ ಈ ಪಾಠದ ಉದ್ದೇಶ.

೨. ನಿಯಮ ಹುಟ್ಟಿದ ಬಗೆ

ಎರಡು ಕಂಪ್ಯೂಟರುಗಳು ಫೈಲನ್ನು ಕೊಟ್ಟು ತೆಗೆದುಕೊಳ್ಳಬೇಕಾದರೆ ಎರಡಕ್ಕೂ ಒಪ್ಪಿಗೆಯಾದ ನಿಯಮಗಳಿರಬೇಕು. ಅಂಥ ನಿಯಮಾವಳಿಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದದ್ದು ಎಫ್‌ಟಿಪಿ. ಇದರ ಮೊದಲ ಕರಡನ್ನು ಬರೆದವರು ಒಬ್ಬ ಭಾರತೀಯರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಕಾನ್ಪುರದ ಐಐಟಿಯ ಮೊದಲನೆಯ ತಂಡದಲ್ಲಿ ಓದಿ ೧೯೬೫ರಲ್ಲಿ ಪದವಿ ಪಡೆದ ಅಭಯ್ ಭೂಷಣ್ ಅವರು ಅಮೆರಿಕೆಯ ಎಂಐಟಿಗೆ ಹೋದರು. ಅಲ್ಲಿದ್ದಾಗ ೧೯೭೧ರ ಏಪ್ರಿಲಿನಲ್ಲಿ ಅವರು ಬರೆದ ಪತ್ರವು ಆರ್‌ಎಫ್‌ಸಿ ೧೧೪ ಎಂಬ ಸಂಖ್ಯೆಯಿಂದ ಪ್ರಕಟವಾಯಿತು.

ಆ ಕಾಲದ ಕಂಪ್ಯೂಟರುಗಳು ಒಂದರಂತೆ ಒಂದು ಇರಲಿಲ್ಲ. ಪಿಡಿಪಿ-೧೦ ಯಂತ್ರವು ೩೬ ಬಿಟ್ಟುಗಳನ್ನು ಒಂದು ಪದವೆಂದು ಎಣಿಸಿದರೆ ಐಬಿಎಮ್ಮಿನ ೩೬೦ ಯಂತ್ರವು ೩೨ ಬಿಟ್ಟುಗಳನ್ನು ಎಣಿಸುತ್ತಿತ್ತು. ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳೂ ಬೇರೆ ಬೇರೆ. ಇಂಥ ಭಿನ್ನ ಯಂತ್ರಗಳ ನಡುವೆ ಫೈಲು ಓಡಾಡುವಂತೆ ಮಾಡುವುದೇ ಆಗಿನ ಕಷ್ಟವಾಗಿತ್ತು. ದಾರಿಯಲ್ಲಿ ಕಳ್ಳರಿರಬಹುದೆಂಬ ಯೋಚನೆ ಆ ಚಿಕ್ಕ ಬಳಗದಲ್ಲಿ ಮುಖ್ಯವಾಗಿರಲಿಲ್ಲ. ನಿಯಮಗಳು ಹಲವು ಸಲ ತಿದ್ದುಪಡಿಯಾಗಿ, ಜಾನ್ ಪೋಸ್ಟಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರು ೧೯೮೫ರಲ್ಲಿ ಬರೆದ ಆರ್‌ಎಫ್‌ಸಿ ೯೫೯ರಲ್ಲಿ ನೆಲೆನಿಂತವು. ಇಂದಿನ ಎಫ್‌ಟಿಪಿ ಘಟಕಗಳೆಲ್ಲ ಆ ತಳಹದಿಯ ಮೇಲೆಯೇ ನಿಂತಿವೆ.

೩. ಎರಡು ದಾರಿಗಳು

ಎಫ್‌ಟಿಪಿಯ ಮುಖ್ಯ ಲಕ್ಷಣವೆಂದರೆ ಅದು ಎರಡು ಸಂಪರ್ಕಗಳನ್ನು ಬಳಸುವುದು. ಒಂದು ಮಾತಿನ ದಾರಿ, ಇನ್ನೊಂದು ಸರಕಿನ ದಾರಿ. ಮಾತಿನ ದಾರಿಯು ಸರ್ವರಿನ ೨೧ನೆಯ ಪೋರ್ಟಿಗೆ ಹೋಗುತ್ತದೆ. ಪೋರ್ಟೆಂದರೆ ದೊಡ್ಡ ಕಚೇರಿಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಂಖ್ಯೆಯ ಖಿಡಕಿ ಇರುವಂತೆ ಎಂದು ತಿಳಿಯಬಹುದು. ಈ ದಾರಿಯಲ್ಲಿ ಆಜ್ಞೆ ಮತ್ತು ಉತ್ತರಗಳು ಮಾತ್ರ ಓಡಾಡುತ್ತವೆ. ಫೈಲು ಹೋಗುವುದು ಆಯಾ ಹೊತ್ತಿಗೆ ತೆರೆದುಕೊಳ್ಳುವ ಎರಡನೆಯ ದಾರಿಯಲ್ಲಿ.

ಮುಲುಂಡದ ಪ್ರೋಗ್ರಾಮಿಗೂ ಮಾಟುಂಗದ ಸರ್ವರಿಗೂ ನಡೆಯುವ ಸಂಭಾಷಣೆಯನ್ನು ಕೆಳಗೆ ಕೊಟ್ಟಿದೆ. ಆಜ್ಞೆಗಳು ಇಂಗ್ಲಿಷಿನ ಕಿರುಪದಗಳು. ಅವುಗಳ ಉಚ್ಚಾರವನ್ನು ಕನ್ನಡದಲ್ಲಿ ಬರೆದಿದ್ದೇವೆ.

ಸರ್ವರು: ೨೨೦ (ಸಿದ್ಧವಾಗಿದ್ದೇನೆ)
ಪ್ರೋಗ್ರಾಂ: ಯೂಸರ್ ಮುಲುಂಡ
ಸರ್ವರು: ೩೩೧ (ಪಾಸ್‌ವರ್ಡು ಹೇಳಿ)
ಪ್ರೋಗ್ರಾಂ: ಪಾಸ್, ಅದರ ಮುಂದೆ ಪಾಸ್‌ವರ್ಡು
ಸರ್ವರು: ೨೩೦ (ಒಳಗೆ ಬರಬಹುದು)
ಪ್ರೋಗ್ರಾಂ: ಟೈಪ್ ಐ (ಇದ್ದುದನ್ನು ಇದ್ದಂತೆ ಕಳುಹಿಸುತ್ತೇನೆ)
ಸರ್ವರು: ೨೦೦ (ಆಗಲಿ)
ಪ್ರೋಗ್ರಾಂ: ಪಾಸ್ವ್ (ಸರಕಿನ ದಾರಿ ಎಲ್ಲಿ?)
ಸರ್ವರು: ೨೨೭ (ಇಂಥ ವಿಳಾಸ, ಇಂಥ ಪೋರ್ಟು)
ಪ್ರೋಗ್ರಾಂ: ಸ್ಟೋರ್, ಅದರ ಮುಂದೆ ಫೈಲಿನ ಹೆಸರು
ಸರ್ವರು: ೧೫೦ (ಕಳುಹಿಸಿ)
ಸರ್ವರು: ೨೨೬ (ಮುಗಿಯಿತು)

ಉತ್ತರದ ಮೊದಲನೆಯ ಅಂಕಿಯನ್ನು ನೋಡಿದರೆ ಸಾಕು, ಅದರ ಭಾವ ತಿಳಿಯುತ್ತದೆ. ೧ ಇದ್ದರೆ ಕೆಲಸ ಆರಂಭವಾಗಿದೆ. ೨ ಇದ್ದರೆ ಮುಗಿದಿದೆ. ೩ ಇದ್ದರೆ ಇನ್ನೂ ಏನೋ ಹೇಳಬೇಕಾಗಿದೆ. ೪ ಇದ್ದರೆ ಈಗ ಆಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬಹುದು. ೫ ಇದ್ದರೆ ಹಾಗೆಯೇ ಮತ್ತೆ ಕೇಳಿ ಪ್ರಯೋಜನವಿಲ್ಲ. ೪೨೫ ಎಂದರೆ ಸರಕಿನ ದಾರಿ ತೆರೆಯಲಿಲ್ಲ; ೫೩೦ ಎಂದರೆ ಪ್ರವೇಶ ಸಿಗಲಿಲ್ಲ. ಪ್ರೋಗ್ರಾಂ ಬರೆಯುವವರು ಈ ಭೇದವನ್ನು ತಪ್ಪದೆ ಗಮನಿಸಬೇಕು. ತಪ್ಪು ಪಾಸ್‌ವರ್ಡಿಗೆ ೫೩೦ ಬಂದಾಗಲೂ ನಿಮಿಷಕ್ಕೊಮ್ಮೆ ಬಾಗಿಲು ತಟ್ಟುತ್ತಲೇ ಇದ್ದರೆ, ಅನೇಕ ಸರ್ವರುಗಳು ಇದು ಕಳ್ಳನ ಕೆಲಸವೆಂದು ತಿಳಿದು ಆ ಶಾಖೆಯ ಪ್ರವೇಶವನ್ನೇ ನಿಲ್ಲಿಸಿಬಿಡುತ್ತವೆ.

೪. ಯಾರು ಯಾರನ್ನು ಕರೆಯಬೇಕು?

ಸರಕಿನ ದಾರಿಯನ್ನು ತೆರೆಯಲು ಎರಡು ಕ್ರಮಗಳಿವೆ. ಹಳೆಯ ಕ್ರಮದಲ್ಲಿ ಪ್ರೋಗ್ರಾಂ ತನ್ನ ವಿಳಾಸವನ್ನು ಹೇಳುತ್ತದೆ. ಸರ್ವರು ತನ್ನ ೨೦ನೆಯ ಪೋರ್ಟಿನಿಂದ ಅಲ್ಲಿಗೆ ಬಂದು ಸೇರುತ್ತದೆ. ಇದಕ್ಕೆ ಸಕ್ರಿಯ ಕ್ರಮವೆಂದು ಹೆಸರು. ಈಗ ಮನೆ, ಅಂಗಡಿಗಳ ಕಂಪ್ಯೂಟರುಗಳು ಸಾಮಾನ್ಯವಾಗಿ ರೌಟರಿನ ಹಿಂದೆ ಇರುತ್ತವೆ. ಹೊರಗಿನಿಂದ ಕರೆಯದೆ ಬಂದವರನ್ನು ಅದು ಒಳಗೆ ಬಿಡುವುದಿಲ್ಲ. ಆದುದರಿಂದ ಸಕ್ರಿಯ ಕ್ರಮವು ಅನೇಕ ಕಡೆ ನಡೆಯದು. ಎರಡನೆಯದಾದ ನಿಷ್ಕ್ರಿಯ ಕ್ರಮದಲ್ಲಿ ಸರ್ವರೇ ತನ್ನ ಪೋರ್ಟನ್ನು ಹೇಳುತ್ತದೆ, ಪ್ರೋಗ್ರಾಂ ಅಲ್ಲಿಗೆ ಹೋಗುತ್ತದೆ. ಮೇಲಿನ ಸಂಭಾಷಣೆಯಲ್ಲಿ ಬಳಸಿರುವುದು ಇದನ್ನೇ.

೨೨೭ರ ಉತ್ತರದಲ್ಲಿ ಆರು ಸಂಖ್ಯೆಗಳು ಬರುತ್ತವೆ. ಉದಾಹರಣೆಗೆ: ೧೯೨, ೧೬೮, ೧, ೫, ೧೯೫, ೮೦. ಮೊದಲ ನಾಲ್ಕು ಸರ್ವರಿನ ವಿಳಾಸ. ಐದನೆಯದನ್ನು ೨೫೬ರಿಂದ ಗುಣಿಸಿ ಆರನೆಯದನ್ನು ಕೂಡಿಸಿದರೆ ಪೋರ್ಟು ದೊರೆಯುತ್ತದೆ. ೧೯೫ × ೨೫೬ = ೪೯೯೨೦; ಅದಕ್ಕೆ ೮೦ ಕೂಡಿಸಿದರೆ ೫೦೦೦೦. ಈ ಲೆಕ್ಕವನ್ನು ಘಟಕವೇ ಮಾಡಿಕೊಳ್ಳುತ್ತದೆ. ನಾವು ಗಮನಿಸಬೇಕಾದುದು ವಿಳಾಸವನ್ನು. ೧೯೨.೧೬೮ ಎಂದು ಆರಂಭವಾಗುವ ವಿಳಾಸಗಳು ಕಟ್ಟಡದ ಒಳಗೆ ಮಾತ್ರ ಸಲ್ಲತಕ್ಕವು. ಮಾಟುಂಗದ ಸರ್ವರು ರೌಟರಿನ ಹಿಂದೆ ಇದ್ದು ತನ್ನ ಒಳಮನೆಯ ವಿಳಾಸವನ್ನೇ ಹೇಳಿಬಿಟ್ಟರೆ ಮುಲುಂಡದವರು ಅಲ್ಲಿಗೆ ಹೋಗಲಾರರು. ಆಗ ಪಾಸ್‌ವರ್ಡು ಒಪ್ಪಿಗೆಯಾಗುತ್ತದೆ, ಮಾತುಕತೆ ನಡೆಯುತ್ತದೆ, ಫೈಲು ಮಾತ್ರ ಕದಲುವುದಿಲ್ಲ. ಹೊಸಬರನ್ನು ಗಂಟೆಗಟ್ಟಲೆ ಕಾಡುವ ತೊಡಕು ಇದು. ೧೯೯೮ರಲ್ಲಿ ಬಂದ ಇಪಿಎಸ್‌ವಿ ಎಂಬ ಆಜ್ಞೆಗೆ ಸರ್ವರು ಪೋರ್ಟನ್ನು ಮಾತ್ರ ಹೇಳುತ್ತದೆ. ವಿಳಾಸವು ಮೊದಲು ಬಳಸಿದ್ದೇ ಆದುದರಿಂದ ಈ ತೊಡಕು ತಪ್ಪುತ್ತದೆ. ನಿಮ್ಮ ಘಟಕಕ್ಕೆ ಈ ಆಜ್ಞೆ ಗೊತ್ತಿದೆಯೇ ಎಂದು ನೋಡಿಕೊಳ್ಳಿ.

೫. ಅಕ್ಷರ ರೀತಿ ಮತ್ತು ಯಥಾವತ್ ರೀತಿ

ಕಂಪ್ಯೂಟರುಗಳು ಭಿನ್ನ ಭಿನ್ನವಾಗಿದ್ದ ಕಾಲದ ಒಂದು ಅನುಕೂಲವು ಇಂದು ಅಪಾಯವಾಗಿ ಉಳಿದಿದೆ. ಅದೇ ಅಕ್ಷರ ರೀತಿ. ಈ ರೀತಿಯಲ್ಲಿ ಕಳುಹಿಸಿದರೆ ಸಾಲಿನ ಕೊನೆಯ ಗುರುತುಗಳು ದಾರಿಯಲ್ಲಿ ಬದಲಾಗುತ್ತವೆ. ವಿಂಡೋಸ್ ಸಾಲಿನ ಕೊನೆಗೆ ಎರಡು ಬೈಟುಗಳನ್ನು ಇಡುತ್ತದೆ. ಲಿನಕ್ಸ್ ಒಂದೇ ಬೈಟನ್ನು ಇಡುತ್ತದೆ. ಬರಿಯ ಬರಹದ ಫೈಲಾದರೆ ಈ ಬದಲಾವಣೆ ಉಪಕಾರವೇ. ಆದರೆ ಚಿತ್ರವನ್ನೋ ಒತ್ತಿ ಕುಗ್ಗಿಸಿದ ಫೈಲನ್ನೋ ಹೀಗೆ ಕಳುಹಿಸಿದರೆ, ಅದರಲ್ಲಿ ಆಕಸ್ಮಿಕವಾಗಿ ಅದೇ ಸಂಖ್ಯೆಯ ಬೈಟು ಇದ್ದಲ್ಲೆಲ್ಲ ತಿದ್ದುಪಡಿಯಾಗಿ ಫೈಲು ಕೆಟ್ಟುಹೋಗುತ್ತದೆ. ೧೯೮೫ರ ನಿಯಮದ ಪ್ರಕಾರ ಏನನ್ನೂ ಹೇಳದಿದ್ದರೆ ನಡೆಯುವುದು ಅಕ್ಷರ ರೀತಿಯೇ! ಆದುದರಿಂದ 'ಟೈಪ್ ಐ' ಎಂಬ ಯಥಾವತ್ ರೀತಿಯನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಹೇಳುವ ಕೆಲಸವನ್ನು ಘಟಕವೇ ಮಾಡುವುದೋ ಇಲ್ಲವೋ ಎಂದು ಅದರ ಕೈಪಿಡಿಯಲ್ಲಿ ನೋಡಬೇಕು.

ಕನ್ನಡದಲ್ಲಿ ಬರೆಯುವ ನಮಗೆ ಇಲ್ಲಿ ಇನ್ನೊಂದು ಮಾತಿದೆ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಯುಟಿಎಫ್-೮ ರೂಪದಲ್ಲಿ ಉಳಿಸಿದರೆ ಪ್ರತಿಯೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. 'ಕಾ' ಎಂಬುದರಲ್ಲಿ ಕಕಾರವೊಂದು, ದೀರ್ಘದ ಗುರುತೊಂದು, ಹೀಗೆ ಎರಡು ಸಂಕೇತಗಳು. ಅಂದರೆ ೬ ಬೈಟುಗಳು. ಈ ರೂಪದ ಬರಹವು ಸಾಲುಗುರುತಿನ ಬದಲಾವಣೆಯನ್ನು ತಡೆದುಕೊಳ್ಳುತ್ತದೆ. ಆದರೆ ಯುಟಿಎಫ್-೧೬ ಎಂಬ ರೂಪದಲ್ಲಿ ಬೈಟುಗಳು ಜೋಡಿ ಜೋಡಿಯಾಗಿ ಇರುತ್ತವೆ. ಸಾಲಿನ ಕೊನೆಯಲ್ಲಿ ಒಂದು ಬೈಟು ಹೆಚ್ಚಾದರೆ ಅಥವಾ ಕಡಮೆಯಾದರೆ ಅಲ್ಲಿಂದ ಮುಂದೆ ಜೋಡಿ ತಪ್ಪಿ, ಕನ್ನಡವು ಓದಲಾಗದ ಗುರುತುಗಳಾಗುತ್ತದೆ. ಫೈಲಿನ ಹೆಸರೇ ಕನ್ನಡದಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಹೆಸರುಗಳಿಗೆ ಯುಟಿಎಫ್-೮ ಬಳಸಬೇಕೆಂಬ ಕ್ರಮವನ್ನು ಎಫ್‌ಟಿಪಿಗೆ ಸೇರಿಸಿದ್ದು ೧೯೯೯ರಲ್ಲಿ. ಸರ್ವರಾಗಲಿ ಘಟಕವಾಗಲಿ ಅದನ್ನು ಪಾಲಿಸದಿದ್ದರೆ 'ಮಾರಾಟ' ಎಂಬ ಹೆಸರು ಆ ಕಡೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣಿಸಿಕೊಳ್ಳಬಹುದು. ಕನ್ನಡದ ಹೆಸರಿನ ಫೈಲೊಂದನ್ನು ಕಳುಹಿಸಿ, ಮತ್ತೆ ತರಿಸಿ, ಹೆಸರೂ ಒಳಗಿನ ಬರಹವೂ ಹಾಗೆಯೇ ಇವೆಯೇ ಎಂದು ಪರೀಕ್ಷಿಸದೆ ಯಾವ ಘಟಕವನ್ನೂ ಒಪ್ಪಬಾರದು.

೬. ಅರ್ಧ ಹೋದ ಫೈಲು

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಫೈಲು ಮುಗಿಯಿತೆಂದು ಸರ್ವರಿಗೆ ಹೇಗೆ ಗೊತ್ತಾಗುತ್ತದೆ? ಎಫ್‌ಟಿಪಿಯಲ್ಲಿ ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ "ಇಷ್ಟು ಬೈಟು ಬರುತ್ತದೆ" ಎಂದು ಮೊದಲೇ ಹೇಳುವ ಕಟ್ಟುಪಾಡಿಲ್ಲ. ಕೊನೆಯಲ್ಲಿ "ಇದೇ ಕೊನೆ" ಎಂಬ ಗುರುತೂ ಇಲ್ಲ. ಸರಕಿನ ದಾರಿ ಮುಚ್ಚಿತೇ? ಹಾಗಾದರೆ ಫೈಲು ಮುಗಿಯಿತು. ಇಷ್ಟೇ ಅದರ ತರ್ಕ.

ಇದರ ಪರಿಣಾಮವನ್ನು ಯೋಚಿಸಿ. ಮುಲುಂಡದಲ್ಲಿ ಫೈಲು ಅರ್ಧ ಹೋಗಿರುವಾಗ ಯಾರೋ ಪ್ರೋಗ್ರಾಮನ್ನು ಬಲವಂತದಿಂದ ಮುಚ್ಚಿದರು ಎನ್ನೋಣ. ಪ್ರೋಗ್ರಾಂ ಸತ್ತೊಡನೆ ಆ ಕಂಪ್ಯೂಟರಿನ ವ್ಯವಸ್ಥೆಯು ಅದರ ದಾರಿಗಳನ್ನು ಶಿಸ್ತಾಗಿ ಮುಚ್ಚುವುದುಂಟು. ಮಾಟುಂಗದ ಸರ್ವರಿಗೆ ಅದು ಫೈಲು ಮುಗಿದಂತೆಯೇ ಕಾಣುತ್ತದೆ. ಅರ್ಧ ಫೈಲು ಪೂರ್ತಿ ಹೆಸರಿನಲ್ಲಿ ಕುಳಿತುಬಿಡುತ್ತದೆ. ಬೆಳಗಿನ ಪ್ರೋಗ್ರಾಂ ಅದನ್ನೇ ನಂಬಿ ಹಾಲಿನ ಲೆಕ್ಕ ಹಾಕುತ್ತದೆ. ಇಲ್ಲಿ ಘಟಕವೂ ತಪ್ಪು ಮಾಡಿಲ್ಲ, ಸರ್ವರೂ ತಪ್ಪು ಮಾಡಿಲ್ಲ. ಪ್ರೋಗ್ರಾಂ ಬರೆದವರು ಮಾಡಬೇಕಾಗಿದ್ದ ಕೆಲಸವೊಂದು ಉಳಿದುಹೋಗಿದೆ.

ಇದಕ್ಕೆ ನಾಲ್ಕು ಉಪಾಯಗಳನ್ನು ಹೇಳುತ್ತೇವೆ. ನಾಲ್ಕನ್ನೂ ಒಟ್ಟಿಗೆ ಮಾಡುವುದು ಉತ್ತಮ.

ಮೊದಲನೆಯದು, ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಕಳುಹಿಸುವುದು. 'ಮುಲುಂಡ-ಅಪೂರ್ಣ' ಎಂಬಂಥ ಹೆಸರಿನಲ್ಲಿ ಕಳುಹಿಸಿ, ೨೨೬ರ ಉತ್ತರ ಬಂದ ಮೇಲೆ ನಿಜವಾದ ಹೆಸರಿಗೆ ಬದಲಿಸಬೇಕು. ಹೆಸರು ಬದಲಿಸುವ ಆಜ್ಞೆ ಎಫ್‌ಟಿಪಿಯಲ್ಲಿಯೇ ಇದೆ. ಪ್ರೋಗ್ರಾಂ ನಡುವೆ ಸತ್ತರೆ ಹೆಸರು ಬದಲಾಗುವುದೇ ಇಲ್ಲ. ಬೆಳಗಿನ ಪ್ರೋಗ್ರಾಂ ಅದನ್ನು ಮುಟ್ಟುವುದಿಲ್ಲ.

ಎರಡನೆಯದು, ಅಳತೆ ಮತ್ತು ಬೆರಳಚ್ಚು. ಆ ಕಡೆ ಸೇರಿದ ಬೈಟುಗಳ ಸಂಖ್ಯೆಯನ್ನು ಕೇಳಿ ನಮ್ಮ ಸಂಖ್ಯೆಯೊಡನೆ ಹೋಲಿಸಬಹುದು. ಇನ್ನೂ ಭದ್ರವಾದುದು ಎಸ್‌ಎಚ್‌ಎ-೨೫೬ ಎಂಬ ಲೆಕ್ಕ. ಇದು ಎಷ್ಟೇ ದೊಡ್ಡ ಫೈಲಿಗಾದರೂ ೬೪ ಗುರುತುಗಳ ಒಂದು ಸಾಲನ್ನು ಕೊಡುತ್ತದೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಸಾಲು ಬೇರೆಯಾಗುತ್ತದೆ. ಈ ಸಾಲನ್ನು ಜೊತೆಯ ಚಿಕ್ಕ ಫೈಲಿನಲ್ಲಿ ಕಳುಹಿಸಿದರೆ ಮಾಟುಂಗದವರು ತಾವೂ ಲೆಕ್ಕ ಹಾಕಿ ಹೋಲಿಸಿಕೊಳ್ಳುತ್ತಾರೆ.

ಮೂರನೆಯದು ನಮ್ಮ ವರ್ತಕರಿಗೆ ಹಳೆಯ ಪರಿಚಯದ್ದೇ. ಪುಟದ ಕೊನೆಗೆ ಗೆರೆ ಎಳೆದು ಮೊತ್ತ ಬರೆಯುವಂತೆ, ಫೈಲಿನ ಕೊನೆಯ ಸಾಲಿನಲ್ಲಿ ಒಟ್ಟು ಬಿಲ್ಲುಗಳೆಷ್ಟು, ಮೊತ್ತವೆಷ್ಟು ಎಂದು ಬರೆಯಬೇಕು. ಕೊನೆಯ ಸಾಲಿಲ್ಲದ ಫೈಲು ಅರ್ಧ ಫೈಲೆಂದೇ ಅರ್ಥ.

ನಾಲ್ಕನೆಯದು, ಒಂದೇ ಫೈಲು ಎರಡು ಸಲ ಬಂದರೂ ಲೆಕ್ಕ ಎರಡಾಗದಂತೆ ಮಾಡುವುದು. ದೊಡ್ಡ ಫೈಲು ಹೋಗುತ್ತಿರುವಾಗ ಮಾತಿನ ದಾರಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡುವುದಿಲ್ಲ. ನಡುವಣ ರೌಟರು ಅದನ್ನು ಬಿಟ್ಟುಹೋದ ದಾರಿಯೆಂದು ತಿಳಿದು ಕಡಿದುಬಿಡುವುದುಂಟು. ಆಗ ಫೈಲು ಪೂರ್ತಿ ಸೇರಿದ್ದರೂ ೨೨೬ ಎಂಬ ಉತ್ತರ ನಮಗೆ ತಲುಪುವುದಿಲ್ಲ. ಪ್ರೋಗ್ರಾಂ ಮತ್ತೆ ಕಳುಹಿಸುತ್ತದೆ. ಕಳುಹಿಸಲಿ, ತಪ್ಪಿಲ್ಲ. ಆದರೆ ಶಾಖೆ ಮತ್ತು ತಾರೀಖು ಸೇರಿದ ಒಂದೇ ಹೆಸರಿನ ಮೇಲೆ ಅದು ಬಂದು ಕೂರಬೇಕು. ಹಳೆಯದರ ಬಾಲಕ್ಕೆ ಅಂಟಬಾರದು.

ನಿಂತಲ್ಲಿಂದ ಮುಂದುವರಿಸುವ ಅನುಕೂಲವೂ ಉಂಟು. ಎಷ್ಟು ಬೈಟು ಹೋಗಿದೆಯೆಂದು ಹೇಳಿ ಅಲ್ಲಿಂದ ಮುಂದಕ್ಕೆ ಕಳುಹಿಸಬಹುದು. ಆದರೆ ನಡುವೆ ಮೂಲ ಫೈಲು ಬದಲಾಗಿದ್ದರೆ ಮೊದಲರ್ಧ ಹಳೆಯದು, ಉತ್ತರಾರ್ಧ ಹೊಸದು ಎಂಬ ವಿಚಿತ್ರ ಫೈಲು ಹುಟ್ಟುತ್ತದೆ. ಆದುದರಿಂದ ಕಳುಹಿಸುವ ಮೊದಲು ಫೈಲಿನ ಪ್ರತಿಯೊಂದನ್ನು ತೆಗೆದಿಟ್ಟು, ಆ ಪ್ರತಿಯನ್ನೇ ಕಳುಹಿಸಬೇಕು.

೭. ದಾರಿಯಲ್ಲಿ ಓದುವವರು

ಹಳೆಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡು ತೆರೆದ ಕಾರ್ಡಿನ ಮೇಲೆ ಬರೆದಂತೆ ಹೋಗುತ್ತದೆ, ಫೈಲೂ ಹಾಗೆಯೇ. ನಡುವೆ ಕುಳಿತು ಕದ್ದು ನೋಡುವವರಿಗೆ ಎರಡೂ ಸಿಕ್ಕುತ್ತವೆ. ೧೯೯೫ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಂತ್ರವಿದ್ಯಾ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡುಗಳ ಕಳವಾದ ಮೇಲೆ, ಅಲ್ಲಿಯವರಾದ ತಾತು ಯುಲೊನೆನ್ ಎಂಬವರು ಎಸ್‌ಎಸ್‌ಎಚ್ ಎಂಬ ಗುಪ್ತ ಸಂಪರ್ಕದ ಕ್ರಮವನ್ನು ರಚಿಸಿದರು. ಅದರೊಳಗೆ ಫೈಲು ಸಾಗಿಸುವ ವಿಧಾನಕ್ಕೆ ಎಸ್‌ಎಫ್‌ಟಿಪಿ ಎಂದು ಹೆಸರು. ಹಳೆಯ ಎಫ್‌ಟಿಪಿಗೇ ಗುಪ್ತ ಕವಚವನ್ನು ತೊಡಿಸುವ ವಿಧಾನ ಬೇರೊಂದಿದೆ. ೨೦೦೫ರಲ್ಲಿ ಆರ್‌ಎಫ್‌ಸಿ ೪೨೧೭ರಲ್ಲಿ ನಿರೂಪಿತವಾದ ಅದನ್ನು ಎಫ್‌ಟಿಪಿಎಸ್ ಎನ್ನುತ್ತಾರೆ. ಹೆಸರುಗಳು ಅವಳಿಜವಳಿಯಂತಿದ್ದರೂ ಇವೆರಡೂ ಬೇರೆ ಬೇರೆ. ಎಸ್‌ಎಫ್‌ಟಿಪಿಗೆ ೨೨ನೆಯ ಪೋರ್ಟಿನ ಒಂದೇ ದಾರಿ ಸಾಕು; ಎಫ್‌ಟಿಪಿಎಸ್ಸಿಗೆ ಮೊದಲಿನಂತೆ ಎರಡು ದಾರಿಗಳು ಬೇಕು. ಒಂದನ್ನು ಮಾತ್ರ ಬಲ್ಲ ಘಟಕವು ಇನ್ನೊಂದರ ಸರ್ವರಿನೊಡನೆ ಮಾತಾಡಲಾರದು.

ಕವಚವಿಲ್ಲದ ಎಫ್‌ಟಿಪಿಯ ಕಾಲ ಮುಗಿಯುತ್ತ ಬಂದಿದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ಅದನ್ನು ೨೦೨೧ರಲ್ಲಿ ಕೈಬಿಟ್ಟವು. ಹೊಸ ಪ್ರೋಗ್ರಾಮಿನಲ್ಲಿ ಸಂಬಳದ ಪಟ್ಟಿಯಂಥ ಫೈಲನ್ನು ಆ ದಾರಿಯಲ್ಲಿ ಕಳುಹಿಸುವುದು ಸರಿಯಲ್ಲ.

ಗುಪ್ತ ಸಂಪರ್ಕ ಬಂದೊಡನೆ ಎಲ್ಲವೂ ಭದ್ರವಾಯಿತೆಂದೂ ತಿಳಿಯಬಾರದು. ಬೀಗ ಎಷ್ಟೇ ಗಟ್ಟಿಯಾಗಿದ್ದರೂ, ಪೆಟ್ಟಿಗೆಯನ್ನು ಅಪರಿಚಿತನ ಕೈಗೆ ಕೊಟ್ಟರೆ ಫಲವೇನು? ಆ ಕಡೆ ಇರುವುದು ಮಾಟುಂಗದ ಸರ್ವರೇ ಎಂದು ಗುರುತಿಸಲು ಅದರ ಕೀಲಿಯ ಗುರುತನ್ನು ಮೊದಲೇ ಬರೆದಿಟ್ಟುಕೊಂಡು ಪ್ರತಿ ಸಲವೂ ಹೋಲಿಸಬೇಕು. ಹೆಚ್ಚಿನ ಘಟಕಗಳಲ್ಲಿ ಈ ಪರೀಕ್ಷೆಯನ್ನು ನಿಲ್ಲಿಸಿಬಿಡುವ ಒಂದು ಗುಂಡಿ ಇರುತ್ತದೆ. ಕೆಲಸ ಬೇಗ ಆಗಲೆಂದು ಅದನ್ನು ಒತ್ತಿ ಹಾಗೆಯೇ ಬಿಡುವವರುಂಟು, ಬಿಡಕೂಡದು. ಪಾಸ್‌ವರ್ಡನ್ನು ಪ್ರೋಗ್ರಾಮಿನ ಬರಹದೊಳಗೆ ಬರೆಯುವುದೂ ಕೂಡದು; ಕಂಪ್ಯೂಟರಿನ ವ್ಯವಸ್ಥೆಯೇ ಒದಗಿಸುವ ಗುಪ್ತ ಸಂಗ್ರಹದಲ್ಲಿ ಇಡಬೇಕು. ಪ್ರತಿಯೊಂದು ಶಾಖೆಗೂ ಬೇರೆ ಬೇರೆ ಹೆಸರು, ತನ್ನ ಕಪಾಟಿಗಷ್ಟೇ ಪ್ರವೇಶ, ಹೀಗೆ ಮಾಡಿದರೆ ಒಂದು ಕಡೆಯ ಕಳವು ಎಲ್ಲ ಕಡೆಗೂ ಹಬ್ಬುವುದಿಲ್ಲ.

೮. ಕಿಟಕಿ ಮರಗಟ್ಟಬಾರದು

ಮೇಜಿನ ಮೇಲಿನ ಕಂಪ್ಯೂಟರಿನ ಪ್ರೋಗ್ರಾಮಿನ ಮುಂದೆ ಒಬ್ಬ ಮನುಷ್ಯ ಕುಳಿತಿರುತ್ತಾನೆ. ೪೫ ಮೆಗಾಬೈಟಿನ ಫೈಲನ್ನು ಸೆಕೆಂಡಿಗೆ ೮ ಮೆಗಾಬಿಟ್ಟಿನ ದಾರಿಯಲ್ಲಿ ಕಳುಹಿಸಲು ಎಷ್ಟು ಹೊತ್ತು ಬೇಕು? ಒಂದು ಬೈಟಿಗೆ ೮ ಬಿಟ್ಟು. ಆದುದರಿಂದ ೪೫ ಸೆಕೆಂಡುಗಳಾದರೂ ಬೇಕು. ಆ ೪೫ ಸೆಕೆಂಡು ಕಿಟಕಿಯು ಕಲ್ಲಿನಂತೆ ನಿಂತರೆ, ದಿನವೆಲ್ಲ ದುಡಿದು ಮನೆಗೆ ಹೊರಟಿರುವ ಗಲ್ಲಾದವನು ಏನು ಮಾಡುತ್ತಾನೆ? ಎರಡು ಸಲ ಒತ್ತುತ್ತಾನೆ. ಆಮೇಲೆ ಬಲವಂತದಿಂದ ಮುಚ್ಚುತ್ತಾನೆ. ಹಿಂದೆ ಹೇಳಿದ ಅರ್ಧ ಫೈಲು ಹುಟ್ಟುವುದು ಹೀಗೆಯೇ. ಆದುದರಿಂದ ಸಾಗಣೆಯನ್ನು ಕಿಟಕಿಯ ಕೆಲಸದಿಂದ ಬೇರ್ಪಡಿಸಿ ಹಿನ್ನೆಲೆಯಲ್ಲಿ ನಡೆಸಬೇಕು. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ತೋರಿಸಬೇಕು. ರದ್ದು ಮಾಡುವ ಗುಂಡಿ ಇರಬೇಕು. ಇಷ್ಟು ಹೊತ್ತು ಏನೂ ಕದಲದಿದ್ದರೆ ಕೈಬಿಡತಕ್ಕದ್ದೆಂಬ ಅವಧಿಯೂ ಇರಬೇಕು.

ಸೋತಾಗ ತೋರಿಸುವ ಮಾತೂ ಮುಖ್ಯ. "ದೋಷ ೧೮" ಎಂದರೆ ಗಲ್ಲಾದವನಿಗೆ ಏನು ತಿಳಿದೀತು? ಲಿಬ್‌ಕರ್ಲಿನಲ್ಲಿ ಆ ಸಂಖ್ಯೆಗೆ ಫೈಲು ಪೂರ್ತಿಯಾಗಿ ಸಾಗಲಿಲ್ಲವೆಂದು ಅರ್ಥ. "ಫೈಲು ಪೂರ್ತಿ ಹೋಗಿಲ್ಲ, ಕಂಪ್ಯೂಟರನ್ನು ಆರಿಸಬೇಡಿ, ಐದು ನಿಮಿಷದಲ್ಲಿ ತಾನಾಗಿ ಮತ್ತೆ ಪ್ರಯತ್ನಿಸುತ್ತದೆ" ಎಂದು ಅವನ ಭಾಷೆಯಲ್ಲಿ ಬರೆಯುವುದು ಘಟಕದ ಕೆಲಸವಲ್ಲ, ನಮ್ಮದು.

೯. ಘಟಕವನ್ನು ಆರಿಸುವಾಗ

ಬೆಲೆಯನ್ನೂ ಚಂದವನ್ನೂ ನೋಡುವ ಮೊದಲು ಇಷ್ಟನ್ನು ಕೇಳಿ. ಎಸ್‌ಎಫ್‌ಟಿಪಿ, ಎಫ್‌ಟಿಪಿಎಸ್‌ಗಳಲ್ಲಿ ನಮಗೆ ಬೇಕಾದುದನ್ನು ಅದು ಬಲ್ಲದೇ? ಸರ್ವರಿನ ಗುರುತನ್ನು ಪರೀಕ್ಷಿಸುತ್ತದೆಯೇ? ಕನ್ನಡದ ಹೆಸರುಗಳನ್ನು ಕಾಪಾಡುತ್ತದೆಯೇ? ನಡುವೆ ನಿಂತದ್ದನ್ನು ಸ್ಪಷ್ಟವಾಗಿ ತಿಳಿಸುತ್ತದೆಯೇ? ಅದನ್ನು ಬರೆದವರು ಇಂದಿಗೂ ತಿದ್ದುತ್ತಿದ್ದಾರೆಯೇ? ಕೊನೆಯ ಪ್ರಶ್ನೆ ಚಿಕ್ಕದಲ್ಲ. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ೨೦೦೫ರಿಂದ ಇದ್ದ ಎಫ್‌ಟಿಪಿವೆಬ್‌ರಿಕ್ವೆಸ್ಟ್ ಎಂಬುದನ್ನು ಹೊಸ ಕೆಲಸಕ್ಕೆ ಬಳಸಬೇಡಿರೆಂದು ಅದರ ಕರ್ತರೇ ಈಗ ಹೇಳುತ್ತಾರೆ. ತಿದ್ದುವವರಿಲ್ಲದ ಘಟಕವು ಇಂದು ಓಡುತ್ತಿದ್ದರೂ ನಾಳೆ ಭಾರವಾಗುತ್ತದೆ.

ಘಟಕವು ಬೈಟುಗಳನ್ನು ಆ ಕಡೆಗೆ ಮುಟ್ಟಿಸುತ್ತದೆ. ಮುಟ್ಟಿದ್ದು ಪೂರ್ತಿಯೇ, ಒಂದೇ ಸಲವೇ, ಸರಿಯಾದವರ ಕೈಗೇ ಎಂದು ನೋಡಿಕೊಳ್ಳುವುದು ಅದನ್ನು ಕೂಡಿಸಿದವರ ಹೊಣೆ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ೨೨೭ರ ಉತ್ತರದ ಕೊನೆಯ ಎರಡು ಸಂಖ್ಯೆಗಳು ೧೯೬ ಮತ್ತು ೧೦ ಆಗಿದ್ದರೆ ಪೋರ್ಟು ಯಾವುದು?

೨. ವಿಂಡೋಸಿನಲ್ಲಿ ಬರೆದ ೧೦೦೦ ಸಾಲುಗಳ ಬರಹದ ಫೈಲನ್ನು ಅಕ್ಷರ ರೀತಿಯಲ್ಲಿ ಲಿನಕ್ಸ್ ಸರ್ವರಿಗೆ ಕಳುಹಿಸಿದರೆ ಅದು ಎಷ್ಟು ಬೈಟು ಚಿಕ್ಕದಾಗುತ್ತದೆ? ಆಗ ಬೈಟುಗಳ ಸಂಖ್ಯೆಯ ಹೋಲಿಕೆ ಏಕೆ ನಡೆಯದು?

೩. ೨೨೬ರ ಉತ್ತರ ಬಾರದಿದ್ದರೆ ಫೈಲು ಸೇರಿಲ್ಲವೆಂದು ನಿಶ್ಚಯವಾಗಿ ಹೇಳಬಹುದೇ? ಕಾರಣ ಕೊಡಿ.

೪. ೪೫೨ ಎಂದರೆ ಸರ್ವರಿನಲ್ಲಿ ಸ್ಥಳ ಸಾಲದು. ೫೩೦ ಎಂದರೆ ಪ್ರವೇಶವಿಲ್ಲ. ಯಾವುದಕ್ಕೆ ಮತ್ತೆ ಪ್ರಯತ್ನಿಸಬೇಕು, ಯಾವುದಕ್ಕೆ ಮನುಷ್ಯನನ್ನು ಕರೆಯಬೇಕು?

೫. ನೀವು ಈಗ ಬಳಸುತ್ತಿರುವ ಯಾವುದಾದರೂ ಪ್ರೋಗ್ರಾಂ ಫೈಲು ಕಳುಹಿಸುವಾಗ ಜಾಲದ ತಂತಿಯನ್ನು ಕಿತ್ತು ನೋಡಿ. ಅದು ಏನು ಹ���ಳಿತು, ಆ ಕಡೆ ಏನು ಉಳಿಯಿತು ಎಂಬುದನ್ನು ಹತ್ತು ಸಾಲಿನಲ್ಲಿ ಬರೆಯಿರಿ.

ಉತ್ತರಗಳನ್ನು ಬರೆದು ತಂದವರೊಡನೆ ವಾಚನಾಲಯದ ಮೇಜಿನ ಸುತ್ತ ಕುಳಿತು ಚರ್ಚಿಸಲು ನಮಗೆ ಸಂತೋಷ.